ಮೂರನೇ ಕಟ್ಟೆಯ ಹೂಳು

ಪ್ರಯೋಗಾಲಯದ ಅಮ್ಮ ಬೂಟಿನೊಳಗಿನ ಹೂಳನ್ನು ಚಮಚದ ಹಿಡಿಯಿಂದ ಕೆರೆದು ಗಾಜಿನ ಬಟ್ಟಲಿಗೆ ಉದುರಿಸಿದರು. ಸ್ವಲ್ಪ ನೀರು ಬಿಟ್ಟು ಕಲಸಿದರು. ಆಮೇಲೆ ಹಳದಿ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿ ಕಿಟಕಿಯ ಬೆಳಕಿಗೆ ಹಿಡಿದರು. ಪಟ್ಟಿ ಕಡುನೀಲಿಯಾಗಿತ್ತು.

“ಇದು ಹಡಗಿನ ದಾರಿಯ ಹೂಳಲ್ಲ,” ಎಂದರು.

ಇನ್ಸ್‌ಪೆಕ್ಟರ್ ನಾಲ್ಕು ದಿನಗಳಲ್ಲಿ ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಬಂದರಿನ ಸರ್ವೇಯರ್ ಕಾಣೆಯಾಗಿ ಅಂದಿಗೆ ಹತ್ತು ದಿನ. ಮೊದಲು ಅವನ ಖಾಲಿ ದೋಣಿ ಸಿಕ್ಕಿತ್ತು, ಆಮೇಲೆ ಒಂದು ಬೂಟು. ಬೇರೆ ಏನೂ ಇಲ್ಲ. ಬೂಟು ಸಿಕ್ಕಿದ್ದು ದಡದಲ್ಲಿ ಹೂಳು ಸುರಿದು ಒಣಗಿಸುವ ಮೊದಲನೇ ಹೂಳುಕಟ್ಟೆಯಲ್ಲಿ, ಕೊಳವೆಯ ಬಾಯಿಗೆ ಹಾಕಿದ ಕಬ್ಬಿಣದ ಜಾಲರಿಯಲ್ಲಿ. ಮನುಷ್ಯ ದೋಣಿಯಿಂದ ಬಿದ್ದ, ತಳದಲ್ಲಿ ಹೂಳು ಹೀರುವ ಪಂಪು ಅವನನ್ನೂ ಎಳೆದುಕೊಂಡಿತು, ಬೂಟು ಮಾತ್ರ ಕೊಳವೆಯಲ್ಲಿ ದಡಕ್ಕೆ ಬಂತು ಎಂದು ಬಂದರಿನವರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಅಷ್ಟು ದೊಡ್ಡ ಪಂಪಿನ ಚಕ್ರದೊಳಗೆ ಹೋಗಿ ಬಂದ ಬೂಟಿಗೆ ಒಂದು ಗೀರೂ ಬಿದ್ದಿರಲಿಲ್ಲ ಎಂಬುದು ಯಾರಿಗೂ ಬೇಕಿರಲಿಲ್ಲ.

ಅಮ್ಮ ಮೂವತ್ತು ವರ್ಷದಿಂದ ಈ ಬಂದರಿನ ಹೂಳನ್ನೇ ಪರೀಕ್ಷೆ ಮಾಡುತ್ತ ಬಂದವರು. ಎಂಜಿನಿಯರ್‌ನಿಂದ ಹಿಡಿದು ಕಾವಲಿನವನವರೆಗೆ ಎಲ್ಲರಿಗೂ ಅವರು ಅಮ್ಮನೇ. ಸಮುದ್ರದಿಂದ ಹೊಸದಾಗಿ ಎತ್ತಿದ ಹೂಳು ಕಪ್ಪಗಿರುತ್ತದೆ, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಪಟ್ಟಿಯನ್ನು ಇಷ್ಟು ನೀಲಿ ಮಾಡುವುದಿಲ್ಲ ಎಂದು ವಿವರಿಸಿದರು. ಇದರಲ್ಲಿ ಸುಣ್ಣ ಬೆರೆತಿದೆ. ಇಡೀ ಬಂದರಿನಲ್ಲಿ ಸುಣ್ಣ ಬೆರೆಸಿದ ಹೂಳು ಇರುವುದು ಒಂದೇ ಕಡೆ, ಮೂರನೇ ಕಟ್ಟೆಯಲ್ಲಿ.

ಮೂರನೇ ಕಟ್ಟೆಯ ವಿಷಯ ಇನ್ಸ್‌ಪೆಕ್ಟರ್‌ಗೂ ಅಷ್ಟಿಷ್ಟು ಗೊತ್ತಿತ್ತು. ನದಿ ತಂದು ಸುರಿಯುವ ಮಣ್ಣಿನಿಂದ ಹಡಗಿನ ದಾರಿ ತುಂಬುತ್ತಲೇ ಇರುತ್ತದೆ. ಎತ್ತಿದ ಹೂಳಿನಲ್ಲಿ ಒಳ್ಳೆಯದನ್ನು ದೂರದ ಸಮುದ್ರಕ್ಕೆ ಒಯ್ದು ಬಿಡುತ್ತಾರೆ, ಇಲ್ಲವೇ ಒಂದು, ಎರಡನೇ ಕಟ್ಟೆಗಳಲ್ಲಿ ಒಣಗಿಸಿ ಗುಂಡಿ ತುಂಬಲು ಕೊಡುತ್ತಾರೆ. ಹಳೆಯ ಹಡಗು ರಿಪೇರಿ ಅಂಗಳದ ಮುಂದಿನಿಂದ ಎತ್ತಿದ ಹೂಳು ಮಾತ್ರ ಬೇರೆ. ಅದರಲ್ಲಿ ನಲವತ್ತು ವರ್ಷದ ಹಡಗಿನ ಬಣ್ಣ, ಸೀಸ, ತವರ, ಸುಟ್ಟ ಎಣ್ಣೆ. ಅದನ್ನು ಸಮುದ್ರಕ್ಕೂ ಬಿಡುವಂತಿಲ್ಲ, ನೆಲಕ್ಕೂ ಹಾಕುವಂತಿಲ್ಲ. ಅದಕ್ಕೇ ಮೂರನೇ ಕಟ್ಟೆ ಕಟ್ಟಿಸಿ, ಸುಣ್ಣ ಬೆರೆಸಿ ಗಟ್ಟಿಯಾಗಲು ಬಿಟ್ಟು, ಎರಡು ವರ್ಷದ ಹಿಂದೆ ಗೇಟಿಗೆ ಬೀಗ ಜಡಿದಿದ್ದರು.

ಆಗಲೇ ಫೋನು ಬಡಿದುಕೊಂಡಿತು. ಬಂದರಿನ ಎಂಜಿನಿಯರ್. ಅಂದಿಗೆ ಹದಿನಾಲ್ಕನೇ ಸಲ. ಬೂಟು ಸಿಕ್ಕ ದಿನದಿಂದ ಪಂಪು ನಿಂತಿದೆ, ಹೊರಗೆ ಏಳು ಹಡಗು ಲಂಗರು ಹಾಕಿ ಕಾಯುತ್ತಿವೆ, ಮುಳುಗಿದವನನ್ನು ಮುಳುಗಿದ ಎಂದು ಬರೆಯುವುದಕ್ಕೆ ಪೊಲೀಸರಿಗೆ ಇನ್ನೆಷ್ಟು ದಿನ ಬೇಕು ಎಂದು ಅವನು ಅದೇ ರಾಗ ತೆಗೆದ.

ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಯೋಚಿಸದೆ ಬಾಯಿಬಿಟ್ಟಳು.

“ಪಂಪು ಬೇಕಾದ್ರೆ ನಾಳೆ ಸಂಜೆ ಐದಕ್ಕೆ ಶುರು ಮಾಡ್ಕೊಳ್ಳಿ. ಆ ಬೂಟು ನಿಮ್ಮ ಕೊಳವೇಲಿ ಬಂದಿದ್ದೇ ಅಲ್ಲ. ಯಾರೋ ತಂದು ಸಿಕ್ಕಿಸಿದ್ದಾರೆ. ನಿಮ್ಮ ಸರ್ವೇಯರ್ ನೀರಲ್ಲಿ ಸತ್ತಿಲ್ಲ.”

ಹೌದಾ ಎಂದಷ್ಟೇ ಕೇಳಿ ಅವನು ಫೋನು ಇಟ್ಟ.

ಪಕ್ಕದಲ್ಲಿ ನಿಂತಿದ್ದ ದಫೇದಾರ ಸೊಂಟ ಒತ್ತಿಕೊಳ್ಳುತ್ತ, ಇದನ್ನು ನಾಳೆ ಹೇಳಿದ್ದರೂ ಆಗುತ್ತಿತ್ತಲ್ಲ ಎಂದು ಗೊಣಗಿದ. ಅವಳಿಗೂ ಹಾಗೇ ಅನ್ನಿಸಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

*

ಬುಧವಾರ ಬೆಳಿಗ್ಗೆ ಪೂರ್ತಿ ಒಂದು ಬೀಗದ ಕೈ ಹಿಂದೆಯೇ ಹೋಯಿತು.

ಮೂರನೇ ಕಟ್ಟೆಯ ಕೈ ಎಂಜಿನಿಯರ್ ಕಚೇರಿಯಲ್ಲಿದೆ ಎಂದು ಕಟ್ಟೆಯ ಮೇಲ್ವಿಚಾರಕ ಹೇಳಿದ. ಎಂಜಿನಿಯರ್ ಕಚೇರಿಯ ಗುಮಾಸ್ತ ಮೂರು ಕಪಾಟು ತೆಗೆದು ಮುಚ್ಚಿ, ಅದು ಪರಿಸರ ವಿಭಾಗದ್ದು ಎಂದ. ಪರಿಸರ ವಿಭಾಗದ ಹೆಂಗಸು ಸಭ್ಯವಾಗಿ ಒಂದು ಕಾಗದ ತೋರಿಸಿದಳು: ಹೂಳು ಒದ್ದೆಯಿರುವ ತನಕ ಅದು ಬಂದರಿನದು, ಒಣಗಿದ ಮೇಲೆ ತಮ್ಮ ವಿಭಾಗದ್ದು, ಮೂರನೇ ಕಟ್ಟೆಯ ಹೂಳು ಒಣಗಿದೆ ಎಂದು ಯಾರೂ ಇನ್ನೂ ಬರೆದುಕೊಟ್ಟಿಲ್ಲ. ಹಾಗಾದರೆ ಕೈ ಯಾರ ಹತ್ತಿರ ಎಂದು ಕೇಳಿದರೆ, ಕಟ್ಟೆಯ ಮೇಲ್ವಿಚಾರಕನನ್ನು ವಿಚಾರಿಸಿ ಎಂದಳು.

ಮೆಟ್ಟಿಲು ಇಳಿಯುವಾಗ ದಫೇದಾರ, ನಮ್ಮ ಠಾಣೆಯೇ ವಾಸಿ ಮೇಡಂ, ಅಲ್ಲಿ ಕೈ ಕಳೆದರೆ ಒಂದೇ ಮೇಜಿನ ಕೆಳಗೆ ಹುಡುಕಿದರೆ ಸಾಕು ಎಂದ. ಅವಳಿಗೆ ನಗು ಬರಲಿಲ್ಲ.

ಅವಳ ಸಿಟ್ಟಿಗೆ ಬೀಗದ ಕೈಯೊಂದೇ ಕಾರಣವಲ್ಲ. ಸರ್ವೇಯರ್‌ನ ಅಕ್ಕ ದಿನವೂ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಬಂದರಿನ ಹಿಂದಿನ ಬೀದಿಯಲ್ಲಿ ತಾಡಪಾಲು, ದೋಣಿಯ ಹೊದಿಕೆ ಹೊಲಿಯುವ ಅಂಗಡಿ ಅವಳದು. ತಾಯಿ ಹೋದ ಮೇಲೆ ತಮ್ಮನನ್ನು ಓದಿಸಿದ್ದು, ಸಾಕಿದ್ದು ಅವಳೇ. ಎದ್ದು ಹೋಗುವ ಮುಂಚೆ ಒಂದೇ ಮಾತು ಹೇಳುತ್ತಿದ್ದಳು: ಇನ್ನು ಹುಡುಕಬೇಡಿ ಮೇಡಂ, ಮುಳುಗಿದ ಅಂತ ಬರೆದು ಮುಗಿಸಿಬಿಡಿ. ಬೇಸತ್ತು ಕೈಬಿಟ್ಟ ಆ ಹೆಂಗಸಿಗೆ ನಿಜ ಏನೆಂದು ತಿಳಿಸಲೇಬೇಕು ಎಂದು ಇನ್ಸ್‌ಪೆಕ್ಟರ್ ಹಟ ಹಿಡಿದಿದ್ದಳು. ಬೆಂಚು ಅಂದು ಬೆಳಿಗ್ಗೆ ಖಾಲಿಯಿತ್ತು. ಓಡಾಟದ ಗಡಿಬಿಡಿಯಲ್ಲಿ ಅವಳು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ.

ಹನ್ನೊಂದೂವರೆಗೆ ಮತ್ತೆ ಮೂರನೇ ಕಟ್ಟೆಯ ಗೇಟಿಗೆ ಬಂದಳು. ಜೊತೆಗೆ ದಫೇದಾರ, ಪ್ರಯೋಗಾಲಯದ ಅಮ್ಮ, ಮಹಜರಿಗೆ ಸಾಕ್ಷಿಯಾಗಿ ಇಬ್ಬರು, ಕಬ್ಬಿಣ ಕೊಯ್ಯುವ ಗರಗಸ ಹಿಡಿದ ಬೆಸುಗೆಯವ.

ಕಟ್ಟೆಯ ಮೇಲ್ವಿಚಾರಕ ಅಲ್ಲೇ ನಿಂತಿದ್ದ. ಅರವತ್ತರ ಹತ್ತಿರದ ಮನುಷ್ಯ. ಯಾರು ಏನು ಕೇಳಿದರೂ ‘ಸಾವಕಾಶ, ಸಾವಕಾಶ’ ಎನ್ನುತ್ತಿದ್ದುದರಿಂದ ಅವನ ಹೆಸರೇ ಸಾವಕಾಶಪ್ಪ ಎಂದಾಗಿತ್ತು. ಬೀಗ ಒಡೆಯುವುದಕ್ಕೆ ಅರ್ಜಿ ಕೊಡಬೇಕು, ಅರ್ಜಿಯ ನಮೂನೆ ತರಿಸುತ್ತೇನೆ, ಸಾವಕಾಶವಾಗಿ ಮಾಡೋಣ ಎಂದ. ಅವಳು ಬೆಸುಗೆಯವನಿಗೆ ಕಣ್ಸನ್ನೆ ಮಾಡಿದಳು.

ಗರಗಸ ಅರ್ಧ ಬೀಗ ಕೊಯ್ದಿರುವಾಗ ದಫೇದಾರ ಬಾಗಿ ಅದನ್ನು ಮೂಸಿ ನೋಡಿದ. ಗೇಟಿಗೆ ಅಂಟಿಸಿದ ಮೊಹರಿನ ಕಾಗದ ಎರಡು ವರ್ಷದ ಬಿಸಿಲಿಗೆ ಬಿಳಿಚಿಕೊಂಡಿತ್ತು. ಬೀಗಕ್ಕೆ ಮಾತ್ರ ಹೊಸ ಎಣ್ಣೆಯ ವಾಸನೆಯಿತ್ತು.

ಒಳಗೆ ಹೋದವರೆಲ್ಲ ಏರಿಯ ಮೇಲೆ ನಿಂತುಬಿಟ್ಟರು.

ಕಟ್ಟೆ ಅರ್ಧ ಖಾಲಿಯಾಗಿತ್ತು. ನಡುವೆ ನೆಟ್ಟಿದ್ದ ಅಳತೆ ಕಂಬದಲ್ಲಿ ಹೂಳಿನ ಹಳೆಯ ಗುರುತು ನಾಲ್ಕು ಮೀಟರಿನ ಗೆರೆಯ ಮೇಲಿತ್ತು. ಈಗ ಹೂಳು ಎರಡರ ಗೆರೆಯನ್ನೂ ಮುಟ್ಟುತ್ತಿರಲಿಲ್ಲ.

ಒಣಗಿದರೆ ಹೂಳು ಕುಗ್ಗುತ್ತದೆ ಎಂದು ಸಾವಕಾಶಪ್ಪ ಯಾರೂ ಕೇಳುವ ಮುಂಚೆಯೇ ಹೇಳಿದ.

ಅಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏರಿಯಿಂದ ನಾಲ್ಕು ಹೆಜ್ಜೆ ಇಳಿದರು. ಹೂಳು ಕುಗ್ಗುವುದು ನಿಜ, ಆದರೆ ಕುಗ್ಗಿದರೆ ಮೇಲೆಲ್ಲ ಬಿರುಕು ಬಿಡುತ್ತದೆ ಎಂದರು. ಆಮೇಲೆ ಕೈಯೆತ್ತಿ ಆ ಕಡೆಯ ಅಂಚು ತೋರಿಸಿದರು. ಅಲ್ಲಿ ಬಿಳಿ ಬೆರೆತ ಬೂದು ಹೂಳು ಗೋಡೆಯ ಹಾಗೆ ನೆಟ್ಟಗೆ ಕೊಯ್ದು ನಿಂತಿತ್ತು. ಅದರ ಮೈಮೇಲೆ ಒಂದೇ ಅಳತೆಯ ಐದೈದು ಗೀರು, ಮಣ್ಣು ಅಗೆಯುವ ಯಂತ್ರದ ಹಲ್ಲಿನವು. ಕೆಳಗೆ ಲಾರಿ ಚಕ್ರದ ಗುರುತು ಒಂದರ ಮೇಲೊಂದು ಬಿದ್ದು ದಾರಿಯೇ ಆಗಿಹೋಗಿತ್ತು.

*

ಸಾವಕಾಶಪ್ಪನ ಕೋಣೆ ಎಂದರೆ ತಗಡಿನ ಗೂಡು. ಒಂದು ಮೇಜು, ಒಂದು ಸ್ಟೂಲು, ಮೊಳೆಗೆ ನೇತುಹಾಕಿದ ಊಟದ ಚೀಲ. ಇನ್ಸ್‌ಪೆಕ್ಟರ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ತಾನು ಬಾಗಿಲಿಗೆ ಒರಗಿ ನಿಂತಳು. ಅಮ್ಮ ಕಿಟಕಿಯ ಹತ್ತಿರ ಕೈಗೆ ಅಂಟಿದ ಹೂಳನ್ನು ಒರೆಸಿಕೊಳ್ಳುತ್ತಿದ್ದರು.

ಲಾರಿಗಳು ಯಾವಾಗಿನಿಂದ ಬರುತ್ತಿವೆ ಎಂದು ಕೇಳಿದಳು. ನಾಲ್ಕು ತಿಂಗಳಿನಿಂದ. ಯಾರು ಕಳಿಸುತ್ತಾರೆ? ಚೀಟಿ ಬರುತ್ತದೆ. ಚೀಟಿಯಲ್ಲಿ ಏನಿರುತ್ತದೆ? ‘ಮರಳು’ ಎಂದಿರುತ್ತದೆ. ಆ ಚೀಟಿಗಳು ಎಲ್ಲಿ? ಲಾರಿಯವರೇ ವಾಪಸ್ ಒಯ್ಯುತ್ತಾರೆ. ಸಹಿ ಯಾರದು? ಕನ್ನಡಕ ಇಲ್ಲದೆ ತನಗೆ ಸಹಿ ಕಾಣುವುದಿಲ್ಲ. ಕನ್ನಡಕ ಎಲ್ಲಿ? ರಿಪೇರಿಗೆ ಕೊಟ್ಟಿದೆ.

ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಒಂದೊಂದು ಪ್ರಶ್ನೆಗೂ ಅವನು ಒಂದೊಂದು ಬಾಗಿಲು ತೆಗೆದು ಖಾಲಿ ಕೋಣೆ ತೋರಿಸುತ್ತಿದ್ದ. ದನಿ ಏರಿಸಲಿಲ್ಲ, ಬೆವರಲಿಲ್ಲ. ಅವಳು ಮೇಜಿನ ಮೇಲೆ ಅಂಗೈ ಊರಿ ಬಾಗಿ, ಸರ್ವೇಯರ್ ಈ ಗೇಟಿಗೆ ಬಂದಿದ್ದನೋ ಇಲ್ಲವೋ ಎಂದು ಮೂರನೇ ಸಲ ಕೇಳಿದಳು. ನೆನಪು ಮಾಡಿಕೊಳ್ಳಬೇಕು, ಸಾವಕಾಶ ಕೊಡಿ ಎಂದ.

ಆಗ ಅಮ್ಮ ಕೇಳಿದರು, ಯಾರನ್ನೂ ನೋಡದೆ.

“ಈ ಹೂಳು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಾ ನಿಮಗೆ?”

ಆ ಪ್ರಶ್ನೆಗೆ ಅವನ ಹತ್ತಿರ ಉತ್ತರವಿತ್ತು. ಹಿನ್ನೀರಿನ ಆಚೆ ಹೊಸ ಶಾಲೆ ಕಟ್ಟುತ್ತಿದ್ದಾರಲ್ಲ, ಅದರ ಆಟದ ಮೈದಾನಕ್ಕೆ. ತಗ್ಗು ನೆಲ, ತುಂಬಿಸಿ ಸಮ ಮಾಡುತ್ತಿದ್ದಾರೆ. ಈ ವರ್ಷ ತನ್ನ ಮೊಮ್ಮಗಳನ್ನೂ ಅಲ್ಲೇ ಒಂದನೇ ತರಗತಿಗೆ ಸೇರಿಸಿದೆ ಎಂದು, ಕೇಳದಿದ್ದರೂ, ಒಂದಿಷ್ಟು ಹೆಮ್ಮೆಯಿಂದಲೇ ಹೇಳಿದ.

ಅಮ್ಮ ಒರೆಸುವುದನ್ನು ನಿಲ್ಲಿಸಿದರು. ಅವನ ಮುಂದೆ ಬಂದು ಕೂತು, ಆ ಹೂಳಿನಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳಿದರು. ಸೀಸ ಮಕ್ಕಳ ರಕ್ತಕ್ಕೆ ಸೇರಿದರೆ ಓದು ತಲೆಗೆ ಹತ್ತುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ, ಆಮೇಲೆ ಯಾವ ಔಷಧಿ ಕೊಟ್ಟರೂ ಕಳೆದದ್ದು ವಾಪಸ್ ಬರುವುದಿಲ್ಲ. ಮಕ್ಕಳು ಮಣ್ಣಲ್ಲಿ ಆಡಿ ಕೈಯನ್ನು ಬಾಯಿಗೆ ಹಾಕುತ್ತಾರೆ, ಅಷ್ಟು ಸಾಕು.

ಸಾವಕಾಶಪ್ಪ ಮೊಳೆಯಿಂದ ಊಟದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಬಂದಿದ್ದ ಮೇಡಂ,” ಎಂದ ಕೊನೆಗೆ. “ಎರಡು ತಿಂಗಳ ಕೆಳಗೆ. ಇದೇ ಮಾತು ಹೇಳ್ದ. ಸುಮ್ನೆ ಹೆದರಿಸ್ತಿದ್ದಾನೆ ಅಂತ ಕಳಿಸ್ಬಿಟ್ಟೆ.”

“ಆಮೇಲೆ?”

“ಆಮೇಲೆ ಅವನು ಬಂದ ವಿಷಯ ಆಫೀಸಿಗೆ ಹೇಳ್ದೆ. ಯಾರು ಬಂದ್ರೂ ಹೇಳ್ಬೇಕು ಅಂತ ಕಟ್ಟಪ್ಪಣೆ ಇತ್ತು.”

ಆಫೀಸಿನಲ್ಲಿ ಯಾರಿಗೆ ಎಂದರೆ ಫೋನು ಎತ್ತಿದವರಿಗೆ ಎಂದ. ಈ ಸಲ ಅವನು ಆಟವಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅದರಿಂದ ಉಪಯೋಗವೇನೂ ಆಗಲಿಲ್ಲ.

ಅಷ್ಟರಲ್ಲಿ ದಫೇದಾರ ಹೊರಗಿನಿಂದ ಕೂಗಿದ.

ಕಟ್ಟೆಯ ಮೂಲೆಯಲ್ಲಿ ಸುಣ್ಣದ ಮೂಟೆ ಒಟ್ಟಿದ ಚಪ್ಪರವಿತ್ತು. ಮೂಟೆಗಳ ಹಿಂದೆ, ಬೇಲಿಯ ತಂತಿ ಸಡಿಲವಾದ ಜಾಗದಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ಹಳೆಯ ಗೋಣಿಯ ನಡುವೆ ಒಪ್ಪವಾಗಿ ಜೋಡಿಸಿಟ್ಟ ಏಳು ಗಾಜಿನ ಬಾಟಲಿಗಳು. ಎಲ್ಲದರಲ್ಲೂ ಹೂಳು. ಎಲ್ಲದರ ಮೇಲೂ ಚೀಟಿ: ಯಾವ ಜಾಗದಲ್ಲಿ ತೆಗೆದದ್ದು, ಎಷ್ಟು ಆಳದಲ್ಲಿ, ಯಾವ ದಿನ. ಸರ್ವೇಯರ್‌ನ ಕೈಬರಹವನ್ನು ಅಮ್ಮ ಕಂಡ ಕೂಡಲೇ ಗುರುತಿಸಿದರು. ಏಳರ ಅಂಕಿ ಬರೆಯುವಾಗ ಅವನು ಬಾಲಕ್ಕೆ ಒಂದು ಅಡ್ಡಗೆರೆ ಎಳೆಯುತ್ತಿದ್ದ.

ಏಳನೇ ಬಾಟಲಿಯ ಚೀಟಿಯನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದಳು. ಆಮೇಲೆ ದಫೇದಾರನ ಕೈಗೆ ಕೊಟ್ಟಳು.

ಅದರ ಮೇಲಿದ್ದುದು ಮೊನ್ನೆ ಸೋಮವಾರದ ತಾರೀಕು. ಅವನು ಮುಳುಗಿ ಸತ್ತನೆಂದು ಊರೆಲ್ಲ ನಂಬಿದ್ದ ಶನಿವಾರ ಕಳೆದು ಒಂಬತ್ತನೇ ದಿನ.

*

ಆರು ಬಾಟಲಿಗೆ ಅಲ್ಲೇ ಮೊಹರು ಹಾಕಿಸಿ, ಮಹಜರು ಬರೆಸಿ, ದಫೇದಾರನ ಜೊತೆ ಜೀಪಿನಲ್ಲಿ ನ್ಯಾಯಾಲಯಕ್ಕೆ ಕಳಿಸಿದಳು. ಏಳನೆಯದನ್ನು ಬಟ್ಟೆಯಲ್ಲಿ ಸುತ್ತಿ ತಾನೇ ಇಟ್ಟುಕೊಂಡು ತಾಡಪಾಲಿನ ಅಂಗಡಿಗೆ ನಡೆದಳು. ಹನ್ನೊಂದು ದಿನಗಳಲ್ಲಿ ಯಾರಿಗಾದರೂ ಒಳ್ಳೆಯ ಸುದ್ದಿ ಹೇಳುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಹೆಜ್ಜೆ ತಾನಾಗಿ ಬಿರುಸಾಯಿತು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅಕ್ಕ ದೊಡ್ಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸೂಜಿಯ ಕೆಳಗೆ ನೀಲಿ ತಾಡಪಾಲು ಇತ್ತು, ಯಂತ್ರ ಓಡುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಎದುರಿನ ಬಟ್ಟೆ ಸುರುಳಿಯ ಮೇಲೆ ಕೂತು, ಸುತ್ತಿದ ಬಟ್ಟೆಯಿಂದ ಬಾಟಲಿ ತೆಗೆದು ಮುಂದಿಟ್ಟಳು. ತಾರೀಕಿನ ಮೇಲೆ ಬೆರಳಿಟ್ಟು ತೋರಿಸಿದಳು.

ಅಳು ಬರುತ್ತದೆ ಎಂದುಕೊಂಡಿದ್ದಳು. ಅಥವಾ ನಂಬಲಾಗದ ನಗು. ಅಕ್ಕ ಚೀಟಿಯನ್ನು ಓದಿದಳು, ಬಾಟಲಿಯನ್ನು ಎತ್ತಿ ತಿರುಗಿಸಿ ನೋಡಿದಳು, ಕೆಳಗಿಟ್ಟಳು.

“ಉಳಿದ ಆರು ಎಲ್ಲಿ ಮೇಡಂ?”

ಬಾಟಲಿ ಏಳು ಇದ್ದವು ಎಂದು ಇನ್ಸ್‌ಪೆಕ್ಟರ್ ಹೇಳಿರಲಿಲ್ಲ.

ಅವಳು ಎದ್ದು ಅಂಗಡಿಯ ಬಾಗಿಲನ್ನು ಪೂರ್ತಿ ಎಳೆದು ಬಂದು ಕೂತಳು. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು.

ಆಮೇಲೆ ಅಕ್ಕ ಹೇಳಿದ್ದೆಲ್ಲ ಸಣ್ಣ ದನಿಯಲ್ಲಿ, ತಾಡಪಾಲಿನ ಅಂಚನ್ನು ಮಡಿಸುತ್ತ ಬಿಡಿಸುತ್ತ ಹೇಳಿದ್ದು. ಆ ಶನಿವಾರ ಯಾವುದೋ ಯಂತ್ರದ ದೋಣಿ ಬೇಕೆಂದೇ ಬಂದು ತಮ್ಮನ ದೋಣಿಗೆ ಗುದ್ದಿತ್ತು. ಅವನು ಈಜಿ ದಡ ಸೇರಿ, ಕತ್ತಲಾಗುವ ತನಕ ಬಂಡೆಗಳ ಸಂದಿಯಲ್ಲಿ ಕೂತು ಮನೆಗೆ ಬಂದ. ಸತ್ತ ಎಂದುಕೊಂಡರೆ ಮತ್ತೆ ಕೊಲ್ಲಲು ಬರುವುದಿಲ್ಲ ಎಂದು ಅವಳೇ ಅವನನ್ನು ಬಟ್ಟೆ ಸುರುಳಿ ಇಡುವ ಗೋದಾಮಿನ ಅಟ್ಟದಲ್ಲಿ ಬಚ್ಚಿಟ್ಟಳು. ರಾತ್ರಿ ಹೊತ್ತು ಅವನು ಕಟ್ಟೆಗೆ ಹೋಗಿ ಹೂಳು ತುಂಬಿ ಬರುತ್ತಿದ್ದ. ಬಾಟಲಿಗಳು ತುಂಬುವ ತನಕ ಕಾಯೋಣ, ಏಳು ಕಡೆಯ ಹೂಳು ಸಿಕ್ಕಿದರೆ ಯಾರೂ ಇಲ್ಲ ಅನ್ನಲಾರರು ಎಂದು ಅವನು ಹೇಳುತ್ತಿದ್ದ. ಅವನ್ನು ಎಲ್ಲಿಟ್ಟಿದ್ದಾನೆಂದು ಅವಳಿಗೂ ಹೇಳಿರಲಿಲ್ಲ.

“ಬೂಟು ಜಾಲರಿಗೆ ಸಿಕ್ಕಿಸಿದ್ದು ನಾನೇ,” ಎಂದಳು. “ತೊಳೀಬೇಕು ಅಂತ ಹೊಳೀಲಿಲ್ಲ.”

ಇನ್ಸ್‌ಪೆಕ್ಟರ್‌ಗೆ ಮಂಗಳವಾರ ಸಂಜೆ ತಾನು ಫೋನಿನಲ್ಲಿ ಆಡಿದ ಮಾತು ಅಕ್ಷರ ಅಕ್ಷರವಾಗಿ ಕಿವಿಯಲ್ಲಿ ಕೇಳಿಸಿತು. ಈಗ ಅವನೆಲ್ಲಿದ್ದಾನೆ ಎಂದು ಕೇಳಿದಳು.

ಅಕ್ಕ ಯಂತ್ರದ ಖಾನೆ ಎಳೆದು ಒಂದು ಕನ್ನಡಕ ತೆಗೆದಿಟ್ಟಳು. ಒಂದು ಗಾಜು ಒಡೆದಿತ್ತು. ಬೆಳಿಗ್ಗೆ ತಿಂಡಿ ತೆಗೆದುಕೊಂಡು ಹೋದಾಗ ಅಟ್ಟದ ಏಣಿ ಕೆಳಗೆ ಬಿದ್ದಿತ್ತು, ಅವನಿರಲಿಲ್ಲ, ಇದು ನೆಲದ ಮೇಲಿತ್ತು. ಇದಿಲ್ಲದೆ ಅವನಿಗೆ ಮೂರು ಅಡಿ ಆಚೆಗೆ ಏನೂ ಕಾಣುವುದಿಲ್ಲ. ಪಕ್ಕದಲ್ಲಿ ಮಡಿಸಿಟ್ಟ ಕಾಗದವೂ ಇತ್ತು.

ಇನ್ಸ್‌ಪೆಕ್ಟರ್ ಅದನ್ನು ಬಿಡಿಸಿದಳು. ದೊಡ್ಡ ಅಕ್ಷರದಲ್ಲಿ ಎರಡೇ ಸಾಲು: ‘ಏಳು ಬಾಟಲಿ. ಸಂಜೆ ಐದರೊಳಗೆ ಮೊದಲನೇ ಕಟ್ಟೆಯ ಕೊಳವೆ ಹತ್ತಿರ ಇಡಬೇಕು. ಪಂಪು ಶುರುವಾದ ಮೇಲೆ ತಂದರೆ ಪ್ರಯೋಜನವಿಲ್ಲ.’

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಬಾಟಲಿಗಳು ಅಷ್ಟು ಹೊತ್ತಿಗೆ ನ್ಯಾಯಾಲಯದ ಕಪಾಟಿನೊಳಗೆ ಸೇರಿರುತ್ತವೆ. ಅಲ್ಲಿಂದ ಅವನ್ನು ಹೊರಗೆ ತೆಗೆಸಬೇಕಾದರೆ ಎಷ್ಟು ಅರ್ಜಿ, ಎಷ್ಟು ಮೇಜು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಕಾಗದ ತೆಳುವಾಗಿತ್ತು. ಆ ಕಡೆಯ ಬರಹ ಈ ಕಡೆಗೆ ಮೂಡಿತ್ತು. ತಿರುಗಿಸಿದಳು.

ಅದೊಂದು ದೂರು ಅರ್ಜಿ. ಮೂರನೇ ಕಟ್ಟೆಯ ಹೂಳು ಕಳವಾಗುತ್ತಿದೆ, ತನಿಖೆ ಮಾಡಬೇಕು ಎಂದು ಸರ್ವೇಯರ್ ಒಂದೂವರೆ ತಿಂಗಳ ಹಿಂದೆ ಪೊಲೀಸ್ ಠಾಣೆಗೆ ಬರೆದದ್ದು. ಏಳರ ಬಾಲಕ್ಕೆ ಅಡ್ಡಗೆರೆ. ಕೆಳಗೆ ಠಾಣೆಯ ಮೊಹರು. ಮೊಹರಿನ ಪಕ್ಕದಲ್ಲಿ, ‘ಇದು ಬಂದರಿಗೆ ಸಂಬಂಧಿಸಿದ್ದು. ಸೂಕ್ತ ಕ್ರಮಕ್ಕಾಗಿ ಎಂಜಿನಿಯರ್ ಕಚೇರಿಗೆ ರವಾನಿಸಿದೆ’ ಎಂಬ ಟಿಪ್ಪಣಿ, ಅದರಡಿಯಲ್ಲಿ ಹಸಿರು ಶಾಯಿಯ ಸಹಿ.

ಅವಳದೇ ಸಹಿ. ವಾರಕ್ಕೊಮ್ಮೆ ಕಟ್ಟುಗಟ್ಟಲೆ ಕಾಗದಗಳಿಗೆ ಅವಳು ಓದದೆ ಹಾಕುವ ಸಹಿ.

ಅಕ್ಕ ಯಂತ್ರದ ಆ ಕಡೆಯಿಂದ ಮುಂದಕ್ಕೆ ಬಾಗಿದಳು. ಹನ್ನೊಂದು ದಿನಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಆಸೆಯಂಥದ್ದೇನೋ ಕಂಡಿತು.

“ಹಿಂದ್ಗಡೆ ಯಾರದೋ ಸಹಿ ಇದೆ ನೋಡಿ ಮೇಡಂ. ನನಗೆ ಓದೋಕೆ ಬರ್ಲಿಲ್ಲ. ಅವರನ್ನ ಹಿಡಿದ್ರೆ ನನ್ನ ತಮ್ಮ ಎಲ್ಲಿದ್ದಾನೆ ಅಂತ ಗೊತ್ತಾಗತ್ತೆ, ಅಲ್ವಾ?”